ಶೋ ಮುಗಿಯುವ ತನಕ ಕಾಯಬೇಡಿ: ಸಣ್ಣ ಕ್ಲಬ್ಬಿನಲ್ಲಿ ಬ್ಯಾಂಡಿನವರನ್ನು ಮಾತಾಡಿಸಿದ ನನ್ನ ಅನುಭವ

ಶೋ ಶುರುವಾಗುವ ಮುಂಚೆಯೇ ಹೋಗಿ ಮಾತಾಡಿಸುವ ಅಭ್ಯಾಸ ಹಿಡಿದ ಮೇಲೆ ಹೋದ ವಾರ ನೋಡಿದ್ದು ನನ್ನ 11ನೇ ಬ್ಯಾಂಡ್. ಬೇಸ್ ಗಿಟಾರ್ ನುಡಿಸುವವರ ಜತೆ ಹತ್ತಿರ ಹತ್ತಿರ 40 ನಿಮಿಷ ಮಾತಾಡಿ ಬಂದೆ. 11ರಲ್ಲಿ 9 ಕಡೆ ಹೀಗೇ ಆಗಿದೆ. ಇನ್ನು ಇದನ್ನು ಯಾರೂ ಅದೃಷ್ಟ ಅನ್ನುವ ಹಾಗಿಲ್ಲ. "ಶೋಗೆ ಮುಂಚೆ ಯಾರೂ ನಿನ್ನ ಕಡೆ ತಿರುಗಿಯೂ ನೋಡಲ್ಲ" ಅಂತ ಮೂಗು ಮುರಿದ ಗೆಳೆಯರೇ ಈಗ ಹೇಗೆ ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯಲು ಕೂತೆ.

ನಾನು ಹೇಳುವುದು ನೂರು, ನೂರೈವತ್ತು ಜನ ಹಿಡಿಸುವ ಜಾಗದ ಮಾತು. ಒಂದು ವ್ಯಾನು, ಅದರಲ್ಲೇ ನಾಲ್ಕು ಜನ, ಅದರಲ್ಲೇ ಆಂಪ್ಲಿಫೈಯರು, ಡ್ರಮ್ಮು. ಸಾಮಾನು ಹೊರುವವರೂ ಅವರೇ, ಟೀಶರ್ಟ್ ಮಾರುವವರೂ ಅವರೇ.

ಈ ಅಭ್ಯಾಸಕ್ಕೂ ಮುಂಚೆ, ಮೊದಲ ಮೂರು ಸಲ ಪೂರ್ತಿ ಸೋತೆ. ಒಂದನೇ ಸಲ ಶೋ ಮುಗಿದ ಮೇಲೆ ಹಿಂಬಾಗಿಲಲ್ಲಿ ಒಂದೂವರೆ ಗಂಟೆ ನಿಂತೆ. ಅವರೆಲ್ಲ ಅಷ್ಟು ಹೊತ್ತೂ ಒಳಗೆ, ಟೀಶರ್ಟ್, ರೆಕಾರ್ಡ್ ಮಾರುವ ಮರ್ಚ್ ಟೇಬಲ್ ಹಿಂದೆ ಇದ್ದರು. ಎರಡನೇ ಸಲ ನೇರ ವೇದಿಕೆ ಹತ್ತಿರ ಹೋದೆ. ಕ್ಲಬ್ಬಿನವರು ಆಗಲೇ ದೊಡ್ಡ ಲೈಟ್ ಹಾಕಿ ಖಾಲಿ ಮಾಡಿಸುತ್ತಿದ್ದರು. ಡ್ರಮ್ಮರ್ ಸಿಂಬಲ್ ತಟ್ಟೆಗಳ ವಿಂಗ್‌ನಟ್ ಬಿಚ್ಚುತ್ತಿದ್ದರು. ಬೆರಳಿಗೆ ಬಿಳಿ ಟೇಪು, ಟೇಪಿನ ಅಂಚಿನಲ್ಲಿ ಸ್ವಲ್ಪ ರಕ್ತ. ಕೈ ಸಾಲದೆ ಬಿಚ್ಚಿದ ನಟ್ಟನ್ನು ಹಲ್ಲಲ್ಲಿ ಕಚ್ಚಿಕೊಂಡಿದ್ದರು. ನಾನು ಕೇಳಿದ ಪ್ರಶ್ನೆಗೆ ಸುಮ್ನೆ ತಲೆಯಾಡಿಸಿದರು. ಇನ್ನೇನು ಮಾಡುತ್ತಾರೆ ಪಾಪ! ಮೂರನೇ ಸಲ ಮಾತಿಗೆ ಸಿಕ್ಕರು, ಆದರೆ ನನ್ನ ಕಿವಿ ಗುಂಯ್‌ಗುಡುತ್ತಿತ್ತು. ಅವರು ಹೇಳಿದ್ದರಲ್ಲಿ ಅರ್ಧ ಕೇಳಿಸಲೇ ಇಲ್ಲ. 100 ಡೆಸಿಬೆಲ್ ಸದ್ದಿಗೆ ದಿನಕ್ಕೆ 15 ನಿಮಿಷ ಮಿತಿ ಅನ್ನುತ್ತದೆ ಕೆಲಸದ ಜಾಗದ ಸುರಕ್ಷತೆ, ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ನಿಯೋಶ್ ಸಂಸ್ಥೆ. ಸಣ್ಣ ಕೋಣೆಯಲ್ಲಿ ಡ್ರಮ್ಮಿನ ಮುಂದೆ ಒಂದು ಗಂಟೆ ನಿಂತರೆ ಕೇಳಬೇಕೆ? ಅವತ್ತಿಂದ ಇಯರ್‌ಪ್ಲಗ್ ಇಲ್ಲದೆ ಹೋಗಿಲ್ಲ.

ಈ ಮೂರು ಶೋಗಳಲ್ಲಿ ಕೈ ಚೆನ್ನಾಗಿಯೇ ಕಚ್ಚಿತು. ಟಿಕೆಟ್ಟು, ಓಡಾಟ, ಎರಡು ಎಲ್‌ಪಿ ರೆಕಾರ್ಡ್, ಒಂದು ಟೀಶರ್ಟ್ ಎಲ್ಲ ಸೇರಿದರೆ ಹತ್ತು ಹನ್ನೆರಡು ಟಿಕೆಟ್ಟಿನ ದುಡ್ಡು. ಬಂದದ್ದು ಒಂದು ತಲೆಯಾಟ. ನೀರಲ್ಲಿ ಹೋಮ ಮಾಡಿದ ಹಾಗಾಯಿತು.

ನಾಲ್ಕನೇ ಸಲ ಟೈಮ್ ತಪ್ಪಾಗಿ ಓದಿಕೊಂಡು ಬಾಗಿಲು ತೆರೆಯುವ ಹೊತ್ತಿಗೇ ಹೋಗಿಬಿಟ್ಟೆ. ಒಳಗೆ ಆರೇಳು ಜನ ಇದ್ದರೆ ಹೆಚ್ಚು. ಶೋಗೆ ಮುಂಚೆ ವಾದ್ಯ, ಮೈಕಿನ ಸದ್ದು ಸರಿಮಾಡಿಕೊಳ್ಳುವ ಸೌಂಡ್‌ಚೆಕ್ ಮುಗಿದಿತ್ತು. ಬೇಸ್ ನುಡಿಸುವವರು ಒಬ್ಬರೇ ಟೇಬಲ್ ಮೇಲೆ ಟೀಶರ್ಟ್‌ಗಳನ್ನು ಅಳತೆ ಪ್ರಕಾರ ಮಡಿಸಿ ಇಡುತ್ತಿದ್ದರು. ಇವರಿಗಿಂತ ಮುಂಚೆ ನುಡಿಸುವ ಓಪನಿಂಗ್ ಬ್ಯಾಂಡ್ ವೇದಿಕೆ ಹತ್ತಲು ಇನ್ನೂ 45 ನಿಮಿಷ ಇತ್ತು. ಅವರಿಗೆ ಮಾಡಲು ಬೇರೆ ಕೆಲಸವೇ ಇಲ್ಲ! ಇಡೀ ಸಂಜೆಯಲ್ಲಿ ಸದ್ದಿಲ್ಲದ, ಅವಸರವಿಲ್ಲದ ಹೊತ್ತು ಅದೊಂದೇ. ಜನ ಮಾತ್ರ ತಡವಾಗಿ ಬರುತ್ತಾರೆ.

ಅವತ್ತಿಂದ ನಾನು ಬಾಗಿಲು ತೆರೆಯುವಾಗಲೇ ಹಾಜರು. ಹಾಡುವವರನ್ನು ಮಾತಾಡಿಸಲು ಹೋಗುವುದಿಲ್ಲ, ಅವರು ಗಂಟಲು ಉಳಿಸಿಕೊಳ್ಳಬೇಕು. ಬೇಸ್ ಅಥವಾ ಡ್ರಮ್ಸ್‌ನವರು ಆರಾಮಾಗಿ ಸಿಗುತ್ತಾರೆ. ಮೊದಲು ಏನಾದರೂ ಕೊಳ್ಳುತ್ತೇನೆ, ಚಿಲ್ಲರೆ ಸಮೇತ. ಸಂಜೆಯ ಮೊದಲ ಗಿರಾಕಿಗೆ ಕೊಡಲು ಅವರ ಹತ್ತಿರ ಚಿಲ್ಲರೆ ಇರಲ್ಲ. ಆಮೇಲೆ ಒಂದೇ ಪ್ರಶ್ನೆ, ಅವರ ಕೆಲಸದ್ದು. "ರೆಕಾರ್ಡಿನಲ್ಲಿ ಈ ಹಾಡಿಗೆ ಎರಡು ಗಿಟಾರ್ ಇದೆ, ಸ್ಟೇಜಿನಲ್ಲಿ ಒಬ್ಬರೇ ಇದ್ದೀರಿ, ಎರಡನೆಯದನ್ನು ಯಾರು ತುಂಬುತ್ತಾರೆ?" ಅಂತ ಕೇಳಿದ್ದೆ ಒಮ್ಮೆ. ಅವರು ಕುರ್ಚಿ ಎಳೆದು ಕೂರಿಸಿಕೊಂಡರು. ನಿಮ್ಮ ಮೇಲೆ ಯಾರ ಪ್ರಭಾವ ಇದೆ ಅಂತ ಕೇಳಿದರೆ ನೂರು ಸಲ ಹೇಳಿದ ಉತ್ತರವೇ ಬರುತ್ತದೆ, ಅಲ್ವಾ?

ಕೊಳ್ಳುವ ಮುಂಚೆ ಇನ್ನೊಂದು ಕೇಳುತ್ತೇನೆ: ಈ ಟೇಬಲ್ಲಿನ ದುಡ್ಡಿನಲ್ಲಿ ಕ್ಲಬ್ಬಿಗೆ ಪಾಲು ಇದೆಯಾ? ಕೆಲವು ಕಡೆ ಮರ್ಚ್ ಮೇಲೂ ಪಾಲು ತೆಗೆಯುತ್ತಾರೆ. ಗೇಟಿನ ದುಡ್ಡು ಡೀಸೆಲ್ಲಿಗೂ ರೂಮಿಗೂ ಹೋದರೆ ಇವರಿಗೆ ಉಳಿಯುವುದು ಈ ಟೇಬಲ್ಲಿನದ್ದೇ. ಪಾಲು ಜಾಸ್ತಿ ಅಂದರೆ ಅಲ್ಲಿ ಸಣ್ಣದೊಂದು ಕೊಂಡು, ಎಲ್‌ಪಿಯನ್ನು ಬ್ಯಾಂಡುಗಳು ನೇರವಾಗಿ ಕೇಳುಗರಿಗೆ ಮಾರುವ ಬ್ಯಾಂಡ್‌ಕ್ಯಾಂಪ್ ವೆಬ್‌ಸೈಟಿನಲ್ಲಿ ತರಿಸುತ್ತೇನೆ. 2020ರಲ್ಲಿ ಶುರುವಾದ ಬ್ಯಾಂಡ್‌ಕ್ಯಾಂಪ್ ಫ್ರೈಡೇ ಅನ್ನುವ ಗೊತ್ತಾದ ಶುಕ್ರವಾರಗಳಂದು ಕೊಂಡರೆ ಆ ಕಂಪನಿ ತನ್ನ ಪಾಲನ್ನೂ ಬಿಟ್ಟುಕೊಡುತ್ತದೆ. ಈ ಮಾತು ತೆಗೆದಾಗ ಅವರ ಮುಖವೇ ಬದಲಾಗುತ್ತದೆ. ಲೆಕ್ಕ ಗೊತ್ತಿರುವ ಕೇಳುಗ ಅಂತ ನಂಬಿಕೆ ಬರುತ್ತದೆ.

ನಡುವೆ ಒಂದಷ್ಟು ಪ್ರಯೋಗ ಮಾಡಿದೆ. ಕೈಯಲ್ಲಿ ಏನಾದರೂ ಒಯ್ದರೆ ಹೇಗೆ ಅಂತ. ವೇದಿಕೆ ಮೇಲೆ ಕೇಬಲ್ ಅಂಟಿಸುವ ಗ್ಯಾಫರ್ ಟೇಪ್ ಒಯ್ದೆ, ಅವರ ಹತ್ತಿರ ನಾಲ್ಕು ಸುರುಳಿ ಇತ್ತು. 9 ವೋಲ್ಟ್ ಬ್ಯಾಟರಿ ಒಯ್ದೆ. ಆರು ಶೋಗಳಲ್ಲಿ ಯಾರಿಗೂ ಬೇಕಾಗಲಿಲ್ಲ, ಗಿಟಾರಿನ ಸದ್ದು ಬದಲಿಸುವ ಪೆಡಲ್‌ಗಳೆಲ್ಲ ಈಗ ಅಡಾಪ್ಟರ್ ಮೇಲೆ ಓಡುತ್ತವೆ. ಏಳನೆಯದರಲ್ಲಿ ಗಿಟ್ಟಿತು. ಒಳಗೇ ಬ್ಯಾಟರಿ ಇರುವ ಆಕ್ಟಿವ್ ಬೇಸ್ ಗಿಟಾರಿಗೆ ಹಿಂದಿನ ರಾತ್ರಿಯಿಡೀ ಕೇಬಲ್ ಚುಚ್ಚಿಯೇ ಬಿಟ್ಟಿದ್ದರು. ಕೇಬಲ್ಲಿನ ಜಾಕ್ ಒಳಗಿದ್ದಷ್ಟು ಹೊತ್ತೂ ಅದರ ಬ್ಯಾಟರಿ ಖರ್ಚಾಗುತ್ತಲೇ ಇರುತ್ತದೆ. ಸೌಂಡ್‌ಚೆಕ್ಕಿನಲ್ಲೇ ಸದ್ದು ಒಡೆಯುತ್ತಿತ್ತಂತೆ. ನಾನು ಜೇಬಿನಿಂದ ಬ್ಯಾಟರಿ ತೆಗೆದಾಗ ಆ ಮನುಷ್ಯ ನನ್ನನ್ನೂ ಬ್ಯಾಟರಿಯನ್ನೂ ಎರಡೆರಡು ಸಲ ನೋಡಿದರು. ಈಗಲೂ ಒಂದು ಇಟ್ಟುಕೊಂಡೇ ಹೋಗುತ್ತೇನೆ.

11ರಲ್ಲಿ ಈ ಉಪಾಯ ಫಲಿಸದ ಎರಡು ಸಲದ ಕಾರಣವೂ ಹೇಳಬೇಕು. ಹಿಂಬಾಗಿಲು, ತಲೆಯಾಟದ ಆ ಮೊದಲ ಮೂರು ಸಲವನ್ನು ಈ 11ರಲ್ಲಿ ಸೇರಿಸಿಲ್ಲ. ಒಂದು ಕಡೆ ವ್ಯಾನು ದಾರಿಯಲ್ಲಿ ಕೆಟ್ಟು, ಜನ ಒಳಗೆ ಬಂದ ಮೇಲೂ ಸೌಂಡ್‌ಚೆಕ್ ನಡೆಯುತ್ತಿತ್ತು. ಇನ್ನೊಂದು ಕಡೆ ಕ್ಲಬ್ಬಿನ ಹುಡುಗನೇ ಟೇಬಲ್ ನೋಡಿಕೊಳ್ಳುತ್ತಿದ್ದ. ಟೇಬಲ್ ಹಿಂದೆ ಯಾರಿರುತ್ತಾರೆ ಅಂತ ಎರಡು ದಿನ ಮುಂಚೆಯೇ ತಿಳಿದುಕೊಳ್ಳುವ ದಾರಿ ಈಗ ನನಗೆ ಸಿಕ್ಕಿದೆ. ಅದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ನಾಲ್ಕು ಜನ ಅದನ್ನೇ ಮಾಡಿದರೆ ಕೆಟ್ಟುಹೋಗುತ್ತದೆ.

ಹೋದ ವಾರ ಓಪನಿಂಗ್ ಬ್ಯಾಂಡ್ ಹತ್ತಿದ ತಕ್ಷಣ ನಾನೇ ಎದ್ದೆ. ಶೋ ಮುಗಿದ ಮೇಲೆ ಟೇಬಲ್ ಮುಂದೆ ಜನ ಕರಗುವ ತನಕ ದೂರ ನಿಂತಿದ್ದೆ. ಬೇಸ್‌ನವರು ನನ್ನನ್ನು ಗುರುತಿಸಿ, ವೇದಿಕೆಯ ನೆಲಕ್ಕೆ ಅಂಟಿಸಿದ್ದ ಸೆಟ್‌ಲಿಸ್ಟ್, ಅಂದರೆ ಅವತ್ತಿನ ಹಾಡುಗಳ ಪಟ್ಟಿ, ಕಿತ್ತು ತಂದು ಕೊಟ್ಟರು. ಮೂಲೆಗಳಲ್ಲಿ ಇನ್ನೂ ಕಪ್ಪು ಟೇಪಿನ ಚೂರು. ನಾಲ್ಕನೇ ಹಾಡಿನ ಪಕ್ಕ ತಂತಿಯನ್ನು ಡಿ ಸ್ವರಕ್ಕೆ ಇಳಿಸಬೇಕು ಅಂತ ಗುರುತು, ಮೇಲೆ ಶೂ ಅಚ್ಚು. ಕೊನೆಯ ಹಾಡಿಗೆ ಮಾರ್ಕರಿನಲ್ಲಿ ಅಡ್ಡಗೆರೆ. ಸಮಯ ಸಾಲದೆ ಬಿಟ್ಟದ್ದು ಅಂತ ನಾನು ಅಂದುಕೊಂಡೆ. ಅಲ್ಲವಂತೆ. "ಅದರ ಎರಡನೇ ಗಿಟಾರ್ ತುಂಬೋಕೆ ಇನ್ನೂ ಆಗ್ತಿಲ್ಲ. ಮುಂದಿನ ಸಲ ಬನ್ನಿ, ನುಡಿಸ್ತೀವಿ" ಅಂದರು.

ಟಿಕೆಟ್ ಆಗಲೇ ತೆಗೆದಿಟ್ಟಿದ್ದೇನೆ.