ಶಾಲೆಗೆ ಸೇರುವ ಮುನ್ನ ಮನೆಯಲ್ಲೇ ಎಣಿಕೆ ಕಲಿಸುವ ಬಗೆ

ನಾಲ್ಕು ವರ್ಷದ ಮಗು ಐವತ್ತರವರೆಗೆ ಒಂದೇ ಉಸಿರಿನಲ್ಲಿ ಒಪ್ಪಿಸಿದರೆ ಹೆತ್ತವರಿಗೆ ಹೆಮ್ಮೆಯೆನಿಸುವುದು ಸಹಜ. ಆದರೆ ಅದೇ ಮಗುವಿನ ಮುಂದೆ ಏಳು ಹುಣಸೆ ಬೀಜಗಳನ್ನಿಟ್ಟು ಎಣಿಸಲು ಹೇಳಿದರೆ, ಬೆರಳು ಮೂರನೆಯ ಬೀಜದ ಮೇಲಿರುವಾಗಲೇ ಬಾಯಿ ಐದಕ್ಕೆ ಹೋಗಿರುತ್ತದೆ. ಎಣಿಸಿ ಮುಗಿದ ಮೇಲೆ ‘ಹಾಗಾದರೆ ಒಟ್ಟು ಎಷ್ಟು?’ ಎಂದು ಕೇಳಿದರೆ ಮತ್ತೆ ಒಂದರಿಂದ ಶುರುವಾಗುತ್ತದೆ. ಒಂದು ವಸ್ತುವಿಗೆ ಒಂದೇ ಸಂಖ್ಯೆ ಎಂಬುದೂ, ಕೊನೆಗೆ ಹೇಳಿದ ಸಂಖ್ಯೆಯೇ ಒಟ್ಟು ಎಂಬುದೂ ಮಗುವಿಗೆ ಮನದಟ್ಟಾಗಬೇಕಾದರೆ ಕೈಗೆ ಕೆಲಸ ಕೊಡಬೇಕು.

ಮೈಸೂರು, ಮಂಡ್ಯದ ಕಡೆಯ ಹಳೆಯ ಮನೆಗಳ ಅಟ್ಟದಲ್ಲಿ ಅಳಗುಳಿ ಮಣೆಯಿದ್ದರೆ ಕೆಳಗಿಳಿಸಿ. ಸೋಲು–ಗೆಲುವಿನ ನಿಯಮಗಳನ್ನು ಸದ್ಯಕ್ಕೆ ಬದಿಗಿಟ್ಟು, ಒಂದು ಗುಳಿಯ ಬೀಜಗಳನ್ನು ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕುತ್ತಾ ಜೋರಾಗಿ ಎಣಿಸುವಂತೆ ಮಾಡಿದರೆ ಸಾಕು. ಒಂದೇ ಗುಳಿಗೆ ಎರಡು ಬೀಜ ಬಿದ್ದರೆ ‘ತಪ್ಪು’ ಎನ್ನದೆ, ನಿಧಾನವಾಗಿ ಇನ್ನೊಮ್ಮೆ ಹಾಕಿಸಬೇಕು. ಬರಿದಾದ ಗುಳಿಯನ್ನು ತೋರಿಸಿ ಸೊನ್ನೆಯನ್ನೂ ಇಲ್ಲಿಯೇ ಪರಿಚಯಿಸಬಹುದು.

ಚೌಕಾಬಾರದಲ್ಲಿ ಕಲಿಕೆ ಇನ್ನೊಂದು ಬಗೆಯದು. ನಾಲ್ಕು ಕವಡೆಗಳಲ್ಲಿ ಮೂರು ಅಂಗಾತ ಬಿದ್ದಾಗ ಎಣಿಸದೆಯೇ ‘ಮೂರು’ ಎಂದು ನೋಟದಿಂದಲೇ ಗುರುತಿಸುವುದು ಆಡುತ್ತಾ ಆಡುತ್ತಾ ರೂಢಿಯಾಗುತ್ತದೆ. ಎಲ್ಲವೂ ಬೋರಲು ಬಿದ್ದರೆ ಎಂಟು ಎಂಬ ನಿಯಮ ಈ ವಯಸ್ಸಿಗೆ ಗೊಂದಲವೇ ಸರಿ, ಅದನ್ನು ಬಿಟ್ಟುಬಿಡುವುದು ಮೇಲು. ಕಾಯಿ ನಡೆಸುವಾಗ ಬಹುಪಾಲು ಮಕ್ಕಳು ಕಾಯಿ ಇರುವ ಮನೆಯನ್ನೇ ‘ಒಂದು’ ಎಂದು ಎಣಿಸುತ್ತಾರೆ. ಆಗ ಮಗುವಿನ ಬೆರಳು ಹಿಡಿದು, ಕಾಯಿಯನ್ನು ಮುಂದಿನ ಮನೆಗೆ ಸರಿಸಿದ ಮೇಲೆಯೇ ‘ಒಂದು’ ಎಂದು ಹೇಳಿಸಬೇಕು.

ಅಳತೆಗೆ ಅಡುಗೆಮನೆಯೇ ಸಾಕು. ಅಕ್ಕಿಯನ್ನು ಪಾವಿನಿಂದ ಸೇರಿಗೆ ಸುರಿಯಲು ಬಿಟ್ಟರೆ, ನಾಲ್ಕು ಪಾವಿಗೆ ಸೇರು ತುಂಬುವುದನ್ನು ಮಗು ತಾನೇ ಕಾಣುತ್ತದೆ. ದೇವರಾಜ ಮಾರುಕಟ್ಟೆಯಿಂದ ತಂದ ಮಲ್ಲಿಗೆ ಮಾಲೆಯನ್ನು ಅಮ್ಮ ಒಮ್ಮೆ, ಮಗು ಒಮ್ಮೆ ಮೊಳ ಹಾಕಿ ನೋಡಿದಾಗ ಒಂದೇ ಮಾಲೆಗೆ ಎರಡು ಲೆಕ್ಕ ಬರುತ್ತದೆ. ಏಕೆಂದು ಕೇಳಿ, ಉತ್ತರವನ್ನು ಹೇಳಿಕೊಡುವ ಆತುರ ಬೇಡ. ಆಕಾರ, ಗಾತ್ರಗಳ ಮಾತು ರಂಗೋಲಿ ಬಿಡಿಸುವಾಗಲೋ ದಸರಾ ಬೊಂಬೆ ಜೋಡಿಸುವಾಗಲೋ ತಾನಾಗಿ ಬರುತ್ತದೆ.

ಅಂಕಿ ತಿದ್ದಿಸುವ ಅವಸರಕ್ಕೆ ಆಧಾರವಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ 3ರಿಂದ 8 ವರ್ಷದವರೆಗಿನ ಬುನಾದಿ ಹಂತದಲ್ಲಿ ಆಟದ ಮೂಲಕ ಕಲಿಕೆಗೆ ಒತ್ತು ಕೊಟ್ಟಿದೆ. ದಿನಕ್ಕೆ ಹತ್ತು ನಿಮಿಷ ಸಾಕು, ಮಗು ಮುಖ ತಿರುಗಿಸಿದರೆ ಅಷ್ಟೂ ಬೇಡ. ಬೀಜ, ಕವಡೆಗಳನ್ನು ಮಕ್ಕಳು ಬಾಯಿಗೋ ಮೂಗಿಗೋ ಹಾಕಿಕೊಳ್ಳುವ ಅಪಾಯವಿರುವುದರಿಂದ ದೊಡ್ಡವರೊಬ್ಬರು ಜೊತೆಯಲ್ಲಿರಬೇಕು. ಆಟ ಮುಗಿದ ಮೇಲೆ ಮಗುವಿನಿಂದಲೇ ಎಣಿಸಿ ಡಬ್ಬಿಗೆ ಹಾಕಿಸಿ, ಮುಚ್ಚಳ ಭದ್ರಪಡಿಸಿ ಮೇಲಿಡಬೇಕು.