ಆಟಿಯ ಮಳೆಯಲ್ಲಿ ಆಕಾಶಗಂಗೆ: ಥಿನ್ನರ್ ಡಬ್ಬದಲ್ಲಿ ಹಿಡಿದ ಅನುಭವ

ಮಲ್ಪೆ ಕಡಲಿನಿಂದ ಎರಡು ಕಿಲೋಮೀಟರ್ ಒಳಗೆ ನಮ್ಮ ಮನೆ. ಆಕಾಶಗಂಗೆಯ ನಡುಭಾಗ ರಾತ್ರಿಯಿಡೀ ಚೆನ್ನಾಗಿ ಮೇಲಿರುವುದು ಜೂನ್-ಜುಲೈಯಲ್ಲಿ. ನಮ್ಮೂರಲ್ಲಿ ಆಗ ಬರೀ ಮೋಡ, ಆಟಿ ತಿಂಗಳಲ್ಲೂ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ಅದೇ ಕತೆ. ಆಕಾಶಗಂಗೆಯನ್ನು ಹೈಡ್ರೋಜನ್ ಗೆರೆಯಲ್ಲಿ, ಅಂದರೆ ಅಲ್ಲಿನ ಹೈಡ್ರೋಜನ್ ಅನಿಲ ಹೊಮ್ಮಿಸುವ ರೇಡಿಯೋ ಅಲೆಯಲ್ಲಿ ಹಿಡಿಯುತ್ತೇನೆ, ಅದೂ ಮಳೆಗಾಲದಲ್ಲೇ ಅಂದಾಗ ಕ್ಯಾಮೆರಾದಲ್ಲಿ ಆಕಾಶ ಹಿಡಿಯುವ ಗೆಳೆಯರು ನಂಬಲಿಲ್ಲ. "ಆಟಿಯಲ್ಲಿ ಚಂದ್ರನೇ ಕಾಣುವುದಿಲ್ಲ ಮಾರಾಯ, ನಿನಗೆ ಗ್ಯಾಲಕ್ಸಿಯ ತೋಳು ಬೇಕಾ?" ತೋಳು ಅಂದರೆ ಆಕಾಶಗಂಗೆಯ ಸುರುಳಿಯ ಒಂದೊಂದು ಕವಲು.

ಈ ಗೆರೆ ಇರುವ 1420.4 ಮೆಗಾಹರ್ಟ್ಸ್‌ಗೆ ಮೋಡ ಲೆಕ್ಕಕ್ಕೇ ಇಲ್ಲ. ತೊಂದರೆ ಕೊಟ್ಟದ್ದು ನೀರು. ಮೊದಲ ವರ್ಷ ಹಾರ್ನ್ (ರೇಡಿಯೋ ಅಲೆ ಹಿಡಿಯುವ ಅಗಲ ಬಾಯಿಯ ಆಂಟೆನಾ) ಬಾಯಿಗೆ ಟಾರ್ಪಾಲ್ ಕಟ್ಟಿದೆ. ಅದರ ಮೇಲೆ ನೀರು ನಿಂತು ರೇಡಿಯೋ ಗದ್ದಲ ಏರಿ ಗೆರೆ ಮುಳುಗಿಹೋಯಿತು. ಪಕ್ಕದ ಮನೆಯವರು "ಇದೆಂತದು, ಮಾಡಿನ ನೀರು ಹೋಗುವ ಹೊಸ ನಮೂನೆಯ ದಂಬೆಯಾ?" ಅಂತ ಕೇಳಿದರು. 1951ರಲ್ಲಿ ಹಾರ್ವರ್ಡ್‌ನಲ್ಲಿ ಯೂವೆನ್ ಮತ್ತು ಪರ್ಸೆಲ್ ಎಂಬ ವಿಜ್ಞಾನಿಗಳು ಈ ಗೆರೆಯನ್ನು ಮೊದಲು ಹಿಡಿದದ್ದೂ ಕಿಟಕಿಯಾಚೆ ಕೂರಿಸಿದ ಹಾರ್ನ್‌ನಲ್ಲೇ. ಮಳೆ ಬಂದರೆ ಅದರಿಂದ ಲ್ಯಾಬಿನೊಳಗೇ ನೀರು ಸುರಿಯುತ್ತಿತ್ತಂತೆ. ಈಗ ನಾನು ಬಾಯಿಗೆ ಏನು ಕಟ್ಟಿದ್ದೇನೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದಕ್ಕೆ ಎರಡು ಮಳೆಗಾಲ ಹೋಗಿದೆ.

ಒಟ್ಟು ಖರ್ಚು ಹದಿನೈದು ಸಾವಿರದ ಹತ್ತಿರ. ಅದರಲ್ಲಿ ಐದು ಸಾವಿರ ದಂಡ: ಮೇ ಕೊನೆಯ ಒಂದು ಸಿಡಿಲಿಗೆ, ಕ್ಷೀಣ ಸಂಕೇತವನ್ನು ಹಿಗ್ಗಿಸುವ ಎಲ್‌ಎನ್‌ಎ ಸುಟ್ಟುಹೋಯಿತು. ಉಪ್ಪುಗಾಳಿಗೆ ಕನೆಕ್ಟರ್‌ಗಳು ಆರು ತಿಂಗಳಲ್ಲಿ ಹಸಿರಾದವು. ಹಾರ್ನ್ ತಳಕ್ಕೆ ಮೊದಲು ಹದಿನೈದು ಕೆಜಿಯ ಎಣ್ಣೆ ಡಬ್ಬ ಹಾಕಿದ್ದೆ, ಅಗಲ ಜಾಸ್ತಿಯಾಗಿ ಏನೂ ಸಿಗಲಿಲ್ಲ. ಪೇಂಟರ್ ಬಿಟ್ಟುಹೋದ ಥಿನ್ನರ್ ಡಬ್ಬ, ಹದಿನಾರು ಸೆಂಟಿಮೀಟರ್ ಅಗಲದ್ದು, ಅದೇ ಕೈಹಿಡಿಯಿತು. ಅದರೊಳಗೆ ಅಲೆ ಹಿಡಿಯಲು ಐದೂ ಕಾಲು ಸೆಂಟಿಮೀಟರ್ ತಾಮ್ರದ ತಂತಿ, ಹಿಂದಿನ ಗೋಡೆಯಿಂದ ಏಳು ಸೆಂಟಿಮೀಟರ್ ದೂರ. ಹಾರ್ನ್‌ಗೆ ಅಲ್ಯೂಮಿನಿಯಂ ಹಾಳೆ. ಅದಕ್ಕೆ ಬೆಸುಗೆ ಹಿಡಿಯುವುದಿಲ್ಲ, ಸುಮ್ನೆ ಒದ್ದಾಡಬೇಡಿ, ಸ್ಕ್ರೂ ಹಾಕಿ.

ನಡುವೆ ಒಂದು ಆಟವೂ ಆಯಿತು. ಹಾರ್ನನ್ನು ಅಂಗಳದ ತೆಂಗಿನಮರದ ತಲೆಗೆ ತಿರುಗಿಸಿದರೆ ಸಂಕೇತದ ಬಲ ತೋರಿಸುವ ಮೀಟರ್ ಮೇಲೇರುತ್ತದೆ, ತಣ್ಣನೆಯ ಆಕಾಶಕ್ಕೆ ತಿರುಗಿಸಿದರೆ ಇಳಿಯುತ್ತದೆ. ಸೋಗೆಯ ಬಿಸಿಯೂ ರೇಡಿಯೋದಲ್ಲಿ ಕಾಣುತ್ತದೆ ಅಲ್ವಾ! ಈಗ ದಿನಾ ಆ ಮರವನ್ನೇ ಅಳತೆಗೋಲು ಮಾಡಿಕೊಂಡಿದ್ದೇನೆ.

ಕೆಲಸ ಆದದ್ದು ಕಳೆದ ಆಟಿಯಲ್ಲಿ. ಆ ಹೊತ್ತಿಗೆ ನಡುರಾತ್ರಿ ಹಂಸ ಪುಂಜ ನೆತ್ತಿಯಿಂದ ಸ್ವಲ್ಪ ಉತ್ತರಕ್ಕಿರುತ್ತದೆ. ಹಾರ್ನನ್ನು ಅಲ್ಲಿಗೆ ನಿಲ್ಲಿಸಿ ಇಪ್ಪತ್ತು ನಿಮಿಷ ಬಿಟ್ಟೆ. ಹೊರಗೆ ಜಡಿಮಳೆ. ಪರದೆಯ ಗ್ರಾಫಿನಲ್ಲಿ ಮೊದಲು ಒಂದು ಗುಡ್ಡೆ ಎದ್ದಿತು, ಆಮೇಲೆ ಅದರ ಪಕ್ಕ ಇನ್ನೊಂದು, ಆಚೆ ತೆಳ್ಳಗೆ ಮೂರನೆಯದು. ಅನಿಲ ನಮ್ಮ ಕಡೆ ಬಂದರೆ ಗೆರೆ ಒಂದು ಬದಿಗೆ, ದೂರ ಹೋದರೆ ಇನ್ನೊಂದು ಬದಿಗೆ ಜಾರುತ್ತದೆ, ಎಷ್ಟು ಜಾರಿತು ಅನ್ನುವುದರಿಂದ ವೇಗ ಸಿಗುತ್ತದೆ. ಭೂಮಿಯ ಓಟ ಕಳೆದು ನೋಡಿದರೆ ಮೊದಲನೆಯದು ಸೊನ್ನೆಯ ಹತ್ತಿರ, ಅದು ನಾವಿರುವ ಓರಿಯನ್ ತೋಳು. ಎರಡನೆಯದು ಸೆಕೆಂಡಿಗೆ 40 ಕಿಲೋಮೀಟರ್‌ನಷ್ಟು ವೇಗದಲ್ಲಿ ನಮ್ಮ ಕಡೆಗೆ ಬರುತ್ತಿದೆ, ಪರ್ಸಿಯಸ್ ತೋಳು. ಮೂರನೆಯದು 80ರ ಆಸುಪಾಸು, ಅದರಾಚೆಯ ಹೊರತೋಳು. ಗ್ಯಾಲಕ್ಸಿಯ ಒಳಗೇ ಕೂತ ನಮಗೆ ಫೋಟೋದಲ್ಲಿ ಎಲ್ಲ ತೋಳೂ ಒಂದರ ಮೇಲೊಂದು ಬಿದ್ದು ಒಂದೇ ಪಟ್ಟಿಯಾಗಿ ಕಾಣುತ್ತವೆ, ನಡುವೆ ದೂಳು ಬೇರೆ. ಇಲ್ಲಿ ವೇಗವೇ ಅವನ್ನು ಬಿಡಿಸಿ ಇಟ್ಟಿತು. ಮನೆಯವರನ್ನೆಲ್ಲ ಎಬ್ಬಿಸಿ ತೋರಿಸಿದೆ.

ಮರುದಿನ ಅದೇ ಗೆಳೆಯರು ಮನೆಗೆ ಬಂದರು. ಮಳೆ ಇನ್ನೂ ನಿಂತಿರಲಿಲ್ಲ. ಹಾರ್ನನ್ನು ಶ್ರವಣ ನಕ್ಷತ್ರದ ಕಡೆ ತಿರುಗಿಸಿದೆ. ಗುಡ್ಡೆ ಇನ್ನೊಂದು ಬದಿಗೆ ಜಾರಿತು, ತುದಿ ಸೆಕೆಂಡಿಗೆ 60 ಕಿಲೋಮೀಟರ್ ಹತ್ತಿರ. ಅಲ್ಲಿನ ಅನಿಲ ನಮ್ಮಿಂದ ದೂರ ಓಡುತ್ತಿದೆ. ಒಬ್ಬ ಆಗಲೇ ಫೋನ್ ತೆಗೆದು ಪೇಂಟರ್‌ಗೆ ಥಿನ್ನರ್ ಡಬ್ಬ ಕೇಳಿದ.