ಕ್ಲಚ್ ಸ್ವಿಚ್ ಕೈಕೊಟ್ಟಿದೆಯಾ? ಬಿಚ್ಚುವ ಮೊದಲು ಬಗ್ಗಿ ನೋಡಿ

ಕೀ ತಿರುಗಿಸಿದರೆ ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಹೊತ್ತಿಕೊಳ್ಳುತ್ತವೆ. ಎಂಜಿನ್ ಮಾತ್ರ ಕಮಕ್ ಕಿಮಕ್ ಅನ್ನುವುದಿಲ್ಲ. ಬಟನ್ ಸ್ಟಾರ್ಟ್ ಗಾಡಿಯಾದರೆ, ನೀವು ಕ್ಲಚ್ ಮೇಲೆ ಹತ್ತಿ ನಿಂತಿದ್ದರೂ ‘ಕ್ಲಚ್ ಒತ್ತಿ’ ಅಂತಲೇ ಹೇಳುತ್ತಿರುತ್ತದೆ. ನಮ್ಮ ಭಾವನ ಕಾರು ಹೀಗೆ ನಿಂತಾಗ ಮೊದಲು ಬ್ಯಾಟರಿ ಬದಲಾಯಿತು, ಆಮೇಲೆ ಸ್ಟಾರ್ಟರ್ ಮೋಟಾರು ಕೆಳಗಿಳಿಯಿತು. ಕೊನೆಗೆ ನೋಡಿದರೆ ಅಂಗಿ ಗುಂಡಿಯಷ್ಟು ದೊಡ್ಡ ರಬ್ಬರ್ ತುಂಡೊಂದು ಪುಡಿಯಾಗಿ ಮ್ಯಾಟ್ ಮೇಲೆ ಬಿದ್ದಿತ್ತು, ಅಷ್ಟೇ.

ಗಾಡಿ ಗೇರಿನಲ್ಲಿದ್ದಾಗ ಸ್ಟಾರ್ಟ್ ಆಗಿ ಮುಂದಕ್ಕೆ ಹಾರಬಾರದು, ಅದಕ್ಕೇ ಕ್ಲಚ್ ಪೆಡಲಿನ ಹತ್ತಿರ ಈ ಸ್ವಿಚ್. ಪೆಡಲ್ ಪೂರ್ತಿ ಕೆಳಗೆ ಹೋದಾಗ ಅದರ ತೋಳು ಸ್ವಿಚ್ಚಿನ ಮೊಳೆಯನ್ನು (ಒತ್ತಿದರೆ ಒಳಸರಿಯುವ ಪುಟ್ಟ ತುದಿ) ಒತ್ತುತ್ತದೆ, ಸ್ಟಾರ್ಟರ್ ಮೋಟಾರಿಗೆ ಕರೆಂಟು ಬಿಡುವ ರಿಲೇಗೆ ದಾರಿ ತೆರೆಯುತ್ತದೆ. ಎಷ್ಟೋ ಕಾರುಗಳಲ್ಲಿ ಪೆಡಲಿನ ಮೇಲ್ತುದಿಯಲ್ಲಿ ಇನ್ನೊಂದು ಸ್ವಿಚ್ಚೂ ಇರುತ್ತದೆ. ಕ್ರೂಸ್ ಕಂಟ್ರೋಲ್ (ಗಾಡಿಯನ್ನು ಒಂದೇ ವೇಗದಲ್ಲಿ ಓಡಿಸುವ ವ್ಯವಸ್ಥೆ) ನಿಲ್ಲಿಸುವುದು, ಕಾಲು ಕ್ಲಚ್ ಮೇಲಿದೆ ಅಂತ ಎಂಜಿನ್ ಕಂಪ್ಯೂಟರಿಗೆ ತಿಳಿಸುವುದು ಅದರ ಕೆಲಸ. ಕ್ರೂಸ್ ಹಿಡಿಯುತ್ತಲೇ ಇಲ್ಲ ಅಂದರೆ ಮೇಲಿನದನ್ನು ನೋಡಿ, ಸ್ಟಾರ್ಟೇ ಆಗುತ್ತಿಲ್ಲ ಅಂದರೆ ಕೆಳಗಿನದನ್ನು.

ಸ್ಟಾರ್ಟ್ ಮಾಡುವಾಗ ಕಟ್ ಕಟ್ ಸದ್ದು ಬರುತ್ತಿದ್ದರೆ ಸ್ವಿಚ್ ಮುಟ್ಟಬೇಡಿ. ಕರೆಂಟು ಅದನ್ನು ದಾಟಿ ಹೋಗಿದೆ ಅಂತಲೇ ಅರ್ಥ, ಬ್ಯಾಟರಿ, ಟರ್ಮಿನಲ್, ಸ್ಟಾರ್ಟರ್ ಕಡೆ ಹುಡುಕಿ. ಸದ್ದೇ ಇಲ್ಲದಿದ್ದರೆ ಮೊದಲು ಫ್ಯೂಸ್ ನೋಡಿ. ಮ್ಯಾಟ್ ಎಳೆದು ಹೊರಗೆ ಹಾಕಿ, ದಪ್ಪ ಮ್ಯಾಟ್ ಪೆಡಲನ್ನು ಕೆಳಗೆ ಹೋಗಲು ಬಿಡದೆ ಇದೇ ನಾಟಕ ಆಡಿಸುತ್ತದೆ. ಪೆಡಲೇ ಮೇಲೆ ಬರದೆ ಅಂಟಿಕೊಂಡಿದ್ದರೆ ಅದು ಕ್ಲಚ್ಚಿನ ಹೈಡ್ರಾಲಿಕ್ ಅಥವಾ ಕೇಬಲ್ ಸಮಸ್ಯೆ ಇರಬಹುದು, ಈ ಲೇಖನ ಅದಕ್ಕಲ್ಲ.

ಈಗ ಟಾರ್ಚ್ ಹಿಡಿದು ಡ್ಯಾಶ್‌ಬೋರ್ಡ್ ಕೆಳಗೆ ತಲೆ ತೂರಿಸಿ. ಕೈಯಿಂದಲೇ ಪೆಡಲ್ ಒತ್ತಿ, ತೋಳು ಸ್ವಿಚ್ಚಿಗೆ ತಾಗುವ ಜಾಗ ನೋಡಿ. ಅಲ್ಲೊಂದು ಪುಟ್ಟ ರಬ್ಬರ್ ಅಥವಾ ಪ್ಲಾಸ್ಟಿಕ್ ಬಿಲ್ಲೆ ಇರಬೇಕು. ವರ್ಷಗಟ್ಟಲೆ ಬಿಸಿ ತಿಂದು ಅದು ಒಣಗಿ ಉದುರುತ್ತದೆ, ಬಿಲ್ಲೆ ಸಿಕ್ಕಿಸಿದ್ದ ತೂತೊಂದೇ ಉಳಿಯುತ್ತದೆ, ಸ್ವಿಚ್ಚಿನ ಮೊಳೆ ಆ ತೂತಿನೊಳಗೆ ಆರಾಮಾಗಿ ತೂರಿಕೊಂಡು ಏನೂ ಆಗದವರ ಹಾಗೆ ಇರುತ್ತದೆ. ಮ್ಯಾಟ್ ಮೇಲೆ ಬಣ್ಣಗೆಟ್ಟ ಚೂರುಗಳು ಸಿಕ್ಕರೆ ರೋಗ ಗೊತ್ತಾಯಿತು. ಹೊಸ ಬಿಲ್ಲೆ ಒತ್ತಿ ಕೂರಿಸಿದರೆ ಮುಗಿಯಿತು.

ಬಿಲ್ಲೆ ಸರಿಯಿದ್ದರೆ ಮಲ್ಟಿಮೀಟರ್ ತನ್ನಿ. ಕೀ ತೆಗೆದು, ಸ್ವಿಚ್ಚಿಗೆ ವೈರ್ ಸೇರಿಸುವ ಕನೆಕ್ಟರಿನ ಲಾಕ್ ಅದುಮಿ, ಹೊರಗೆಳೆಯಿರಿ. ವೈರ್ ಹಿಡಿದು ಜಗ್ಗಬೇಡಿ. ಹತ್ತಿರದಲ್ಲಿ ಹಳದಿ ಕನೆಕ್ಟರ್ ಕಂಡರೆ ಅದು ಸಾಮಾನ್ಯವಾಗಿ ಏರ್‌ಬ್ಯಾಗಿನದು, ಅದಕ್ಕೆ ಮೀಟರ್ ತಾಗಿಸಲೇಬೇಡಿ. ಎರಡು ಪಿನ್ನಿನ ಸ್ಟಾರ್ಟ್ ಸ್ವಿಚ್ ಆದರೆ ಮೀಟರನ್ನು ಬೀಪ್ ಮೋಡಿಗೆ (ಕರೆಂಟಿಗೆ ದಾರಿ ಇದ್ದರೆ ಸದ್ದು ಮಾಡುತ್ತದೆ) ಹಾಕಿ, ಅದರ ಎರಡು ವೈರುಗಳ ತುದಿಯನ್ನು ಸ್ವಿಚ್ಚಿನ ಪಿನ್ನುಗಳಿಗೆ ತಾಗಿಸಿ: ಮೊಳೆ ಒತ್ತಿದಾಗ ಬೀಪ್ ಬರಬೇಕು, ಬಿಟ್ಟಾಗ ನಿಲ್ಲಬೇಕು. ಕೆಲವು ಉಲ್ಟಾ ಇರುತ್ತವೆ. ಒತ್ತಿದಾಗ ಬಿಟ್ಟಾಗ ವ್ಯತ್ಯಾಸವೇ ಇಲ್ಲ ಅಂದರೆ ಸ್ವಿಚ್ ಸತ್ತಿದೆ. ಮೊಳೆಯನ್ನು ಅತ್ತಿತ್ತ ಅಲುಗಿಸಿಯೂ ನೋಡಿ, ಬೀಪ್ ಕಟ್ಟಾಗಿ ಕಟ್ಟಾಗಿ ಬಂದರೆ ಅದೂ ಸತ್ತ ಲೆಕ್ಕವೇ. ಮೂರು ಪಿನ್ನಿನದ್ದಾದರೆ ಅದು ಸೆನ್ಸರ್ ಆಗಿರಬಹುದು, ಬೀಪಿಗೆ ಬಗ್ಗುವುದಿಲ್ಲ, ಕಾರಿನ ಕಂಪ್ಯೂಟರನ್ನು ಓದುವ ಸ್ಕ್ಯಾನರ್ ಬೇಕು.

ಎರಡು ಪಿನ್ನಿಗೆ ವೈರ್ ತುಂಡು ಸಿಕ್ಕಿಸಿ ‘ರಿಪೇರಿ’ ಮಾಡಿಕೊಡುವ ಜಾಣರೂ ಇದ್ದಾರೆ. ಆಮೇಲೆ ಯಾರಾದರೂ ಗೇರಿನಲ್ಲಿ ನಿಂತ ಗಾಡಿಗೆ ಹೊರಗಿನಿಂದಲೇ ಕೈ ಹಾಕಿ ಕೀ ತಿರುಗಿಸಿದರೆ ಸ್ಟಾರ್ಟರ್ ಮೋಟಾರೇ ಕಾರನ್ನು ಗೋಡೆಗೆ ಕೊಂಡೊಯ್ಯುತ್ತದೆ. ಬೇಡವೇ ಬೇಡ. ಪಿನ್ನುಗಳು ಹಸಿರುಗಟ್ಟಿದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆಯಿರಿ. ತುಕ್ಕು ಬಿಡಿಸುವ ಎಣ್ಣೆ ಸ್ಪ್ರೇ ಅಲ್ಲ, ಅದು ಧೂಳು ಹಿಡಿಯುತ್ತದೆ ಅಷ್ಟೇ.

ಹೊಸ ಸ್ವಿಚ್ ಕಂಪನಿಯದ್ದೇ ಹಾಕಿ. ಅಗ್ಗದವುಗಳ ಸ್ಪ್ರಿಂಗ್ ಬೇಗ ಸೋಲುತ್ತದೆ, ಮತ್ತೆ ತಲೆ ತೂರಿಸುವ ಕೆಲಸ ನಿಮ್ಮದೇ ಅಲ್ವಾ.

ಜನ ಎಡವುವುದು ಇನ್ನು ಮುಂದೆ. ಮರೆ (ಬೋಲ್ಟಿನ ಮೇಲಿರುವಂಥ ಸುರುಳಿ ಗೆರೆ) ಇರುವ ಸ್ವಿಚ್ಚನ್ನು ತಿರುಗಿಸಿ ಹೊಂದಿಸಬೇಕು, ಸುಮ್ನೆ ಕೊನೆವರೆಗೂ ತಿರುಗಿಸಿ ಬಿಗಿಯುವುದಲ್ಲ. ಹಳೆಯದನ್ನು ಬಿಚ್ಚುವ ಮೊದಲು ಹೊರಗೆ ಎಷ್ಟು ಮರೆ ಕಾಣುತ್ತದೆ ಅಂತ ಎಣಿಸಿ, ಫೋನಿನಲ್ಲಿ ಫೋಟೊ ತೆಗೆಯಿರಿ. ಕನೆಕ್ಟರ್ ಹಾಕದೆಯೇ ಸ್ವಿಚ್ ತಿರುಗಿಸಿ, ಇಲ್ಲದಿದ್ದರೆ ವೈರೂ ಜೊತೆಗೇ ತಿರುಚಿಕೊಳ್ಳುತ್ತದೆ. ಕೆಳಗಿನ ಸ್ವಿಚ್ ಆದರೆ, ಪೆಡಲ್ ತಳ ಮುಟ್ಟುವುದಕ್ಕೆ ಸ್ವಲ್ಪ ಮೊದಲು ಮೀಟರಿನ ಬೀಪ್ ಬರಬೇಕು. ಆದರೆ ಕಾಲಿನ ಭಾರವೆಲ್ಲ ಸ್ವಿಚ್ಚಿನ ಮೈಮೇಲೆ ಬೀಳಬಾರದು, ಬಿದ್ದರೆ ಪ್ಲಾಸ್ಟಿಕ್ ಬಿರಿಯುತ್ತದೆ. ಅರ್ಧ ಒತ್ತಿದಾಗಲೇ ಬೀಪ್ ಬಂದರೆ ಕ್ಲಚ್ ಎಂಜಿನ್ನನ್ನು ಗೇರಿನಿಂದ ಬೇರ್ಪಡಿಸುವ ಮೊದಲೇ ಗಾಡಿ ಸ್ಟಾರ್ಟ್ ಆಗುತ್ತದೆ, ಸ್ವಿಚ್ ಇದ್ದೂ ದಂಡ. ಮೇಲಿನದ್ದು ಇನ್ನೂ ಸೂಕ್ಷ್ಮ. ಅದನ್ನು ಜಾಸ್ತಿ ಒಳಗೆ ತಿರುಗಿಸಿದರೆ ಪೆಡಲ್ ಸದಾ ಚೂರು ಒತ್ತಿದ ಹಾಗೇ ನಿಲ್ಲುತ್ತದೆ, ಕ್ಲಚ್ ಪ್ಲೇಟ್ ಜಾರಿ ಜಾರಿ ಸವೆಯುತ್ತದೆ. ಬೆರಳಿನಿಂದ ಪೆಡಲ್ ಅದುಮಿ ನೋಡಿ, ಹೆಚ್ಚಿನ ಗಾಡಿಗಳಲ್ಲಿ ಬಿಗಿ ಸಿಗುವ ಮೊದಲು ಕೆಲವು ಮಿಲಿಮೀಟರ್ ಸಡಿಲ ಇರಬೇಕು. ನಿಮ್ಮ ಗಾಡಿಗೆ ಎಷ್ಟು ಅಂತ ಸರ್ವಿಸ್ ಮ್ಯಾನುವಲ್ಲಿನಲ್ಲಿರುತ್ತದೆ.

ಎಲ್ಲ ಸರಿ ಹೊಂದಿಸಿ, ಕೊನೆಗೆ ಲಾಕ್ ನಟ್ (ಸ್ವಿಚ್ಚನ್ನು ಜಾಗದಲ್ಲಿ ಹಿಡಿದಿಡುವ ನಟ್) ಬಿಗಿಯುವಾಗ ಸ್ವಿಚ್ಚೂ ಅದರ ಜೊತೆಗೆ ತಿರುಗಿಬಿಡುತ್ತದೆ. ಎಷ್ಟೋ ಜನ ಕೆಡಿಸುವುದು ಇಲ್ಲೇ. ಒಂದು ಕೈಯಲ್ಲಿ ಸ್ವಿಚ್ ಗಟ್ಟಿಯಾಗಿ ಹಿಡಿದು ಇನ್ನೊಂದರಲ್ಲಿ ಸ್ಪ್ಯಾನರ್ ತಿರುಗಿಸಿ, ಬಿಗಿದ ಮೇಲೆ ಮತ್ತೆ ಬೀಪ್ ನೋಡಿ.

ಮರೆಯಿಲ್ಲದ, ತಾನೇ ಹೊಂದಿಕೊಳ್ಳುವ ಮೇಲಿನ ಸ್ವಿಚ್ಚುಗಳೂ ಇವೆ. ಅವುಗಳ ಮೊಳೆಯನ್ನು ಪೂರ್ತಿ ಹೊರಗೆಳೆದು, ಪೆಡಲ್ ಒತ್ತಿ ಹಿಡಿದು ಕೂರಿಸಿ, ಆಮೇಲೆ ಪೆಡಲನ್ನು ನಿಧಾನಕ್ಕೆ ಮೇಲೆ ಬಿಡಿ. ಕಟಕಟ ಅಂತ ಅದೇ ಕೂರುತ್ತದೆ. ಕೆಲವನ್ನು ಒಮ್ಮೆ ತಪ್ಪಾಗಿ ಕೂರಿಸಿದರೆ ಹಿಂದಕ್ಕೆ ತರಲಾಗುವುದಿಲ್ಲ, ಅವಸರ ಬೇಡ.

ಕನೆಕ್ಟರ್ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ನ್ಯೂಟ್ರಲ್‌ಗೆ ತಂದು, ಕ್ಲಚ್ ಒತ್ತದೆ ಕೀ ತಿರುಗಿಸಿ. ಸ್ಟಾರ್ಟ್ ಆಗಬಾರದು. ಅರ್ಧ ಒತ್ತಿ, ಆಗಲೂ ಆಗಬಾರದು. ಪೂರ್ತಿ ಒತ್ತಿದಾಗ ಮಾತ್ರ ಆಗಬೇಕು. ಹೊರಗೆ ಹಾಕಿದ ಮ್ಯಾಟನ್ನು ವಾಪಸ್ ಹಾಸಿ ಇನ್ನೊಂದು ಸಲ ಇಷ್ಟನ್ನೂ ಮಾಡಿ ನೋಡಿ.